ಕರೆಂಟ್ ಹೋದ ಗಂಟೆಗಳಷ್ಟೇ ನಷ್ಟವೇ? ವಿದ್ಯುತ್ ಅಭಾವ ಆರ್ಥಿಕತೆಯನ್ನು ಹಿಡಿದು ನಿಲ್ಲಿಸುವ ಬಗೆ

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಹಳ್ಳಿಯೊಂದರವನು, ಅರ್ಥಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ಅಭಿವೃದ್ಧಿಶೀಲ ದೇಶಗಳು ಹಿಂದುಳಿಯಲು ಇಂಧನದ ಕೊರತೆ ಮುಖ್ಯ ಕಾರಣ ಎಂದು ಪಠ್ಯಗಳಲ್ಲಿ ಓದಿದ್ದೇನೆ. ದಿನಕ್ಕೆ ಮೂರು ಗಂಟೆ ಕರೆಂಟ್ ಹೋದರೆ ಮೂರು ಗಂಟೆಯ ಕೆಲಸ ತಾನೇ ನಷ್ಟವಾಗುವುದು? ಅಷ್ಟರಿಂದ ಒಂದು ದೇಶದ ಆರ್ಥಿಕತೆಯೇ ಹೇಗೆ ಕುಂಠಿತವಾಗುತ್ತದೆ? ಬಡತನದಿಂದ ಕೊರತೆ ಬರುತ್ತದೆಯೋ, ಕೊರತೆಯಿಂದ ಬಡತನವೋ? ನಮ್ಮೂರಿನಲ್ಲಿ ಈಗ ಮೊದಲಿನಂತೆ ಕರೆಂಟ್ ಹೋಗುವುದಿಲ್ಲ. ಆದರೂ ಊರಿಗೆ ಒಂದು ಸಣ್ಣ ಕಾರ್ಖಾನೆಯೂ ಬಂದಿಲ್ಲವೇಕೆ?

ಉತ್ತರ: ನಿಮ್ಮ ಪತ್ರದಲ್ಲಿ ಒಂದಲ್ಲ, ಮೂರು ಪ್ರಶ್ನೆಗಳಿವೆ. ಮೊದಲನೆಯದರಲ್ಲಿ ನೀವು ಹಾಕಿರುವ ಲೆಕ್ಕ, ಅಂದರೆ ಕರೆಂಟ್ ಹೋದ ಗಂಟೆಗಳಷ್ಟೇ ನಷ್ಟ ಎನ್ನುವುದು, ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ಕಾರ್ಖಾನೆಯೊಂದರ ಒಳಗೆ ನಿಂತು ನೋಡಿದವರಿಗೆ ಆ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ. ಆದ್ದರಿಂದ ಸಿದ್ಧಾಂತಕ್ಕೆ ಹೋಗುವ ಮೊದಲು ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಬೆಳಗಾವಿ ಎರಕದ ಕಾರ್ಖಾನೆಗಳಿಗೆ ಹೆಸರಾದ ಊರು. ಅಲ್ಲಿನ ಒಂದು ಸಣ್ಣ ಫೌಂಡ್ರಿಯಲ್ಲಿ, ವಿದ್ಯುತ್ತಿನಿಂದ ಕಬ್ಬಿಣ ಕರಗಿಸುವ ಇಂಡಕ್ಷನ್ ಕುಲುಮೆಯ ಪಕ್ಕದಲ್ಲಿ ನಾನಿದ್ದಾಗ ಕರೆಂಟ್ ಹೋಯಿತು. ಕುಲುಮೆಯೊಳಗೆ ಸಾವಿರದ ನಾನೂರು ಡಿಗ್ರಿಗೂ ಮೀರಿ ಕಾದ ಲೋಹವಿತ್ತು. ಯಾರೂ ಮಾತಾಡಲಿಲ್ಲ, ಇಬ್ಬರು ಓಡಿಹೋಗಿ ಕುಲುಮೆಯ ಸುರುಳಿಗೆ ತಂಪು ನೀರು ಹರಿಸುವ ತುರ್ತು ಪಂಪನ್ನು ಚಾಲೂ ಮಾಡಿದರು, ಉಳಿದವರು ಕರಗಿದ ಕಬ್ಬಿಣವನ್ನು ಅಚ್ಚುಗಳಿಗಲ್ಲದೆ ಮರಳಿನ ಗುಂಡಿಗೆ ಸುರಿಯಲು ಸಿದ್ಧರಾದರು. ಲೋಹ ಒಳಗೇ ಗಟ್ಟಿಯಾದರೆ ಕುಲುಮೆಯ ಒಳಪದರ ಬಿರುಕು ಬಿಡುತ್ತದೆ, ಅದನ್ನು ಒಡೆದು ತೆಗೆದು ಹೊಸ ಪದರ ಹಾಕಿ ಒಣಗಿಸುವವರೆಗೆ ಕೆಲಸ ನಿಲ್ಲುತ್ತದೆ. ಕರೆಂಟ್ ಇಪ್ಪತ್ತು ನಿಮಿಷದಲ್ಲಿ ಮರಳಿ ಬಂತು. ಆದರೆ ಗುಂಡಿಗೆ ಸುರಿದ ಕಬ್ಬಿಣವನ್ನು ಮತ್ತೆ ಕರಗಿಸಬೇಕಿತ್ತು. ಅದಕ್ಕೆ ಮೊದಲ ಸಲ ಖರ್ಚಾದಷ್ಟೇ ಯೂನಿಟ್ ವಿದ್ಯುತ್ತನ್ನು ಮತ್ತೆ ಖರ್ಚು ಮಾಡಬೇಕಿತ್ತು. ಸಿದ್ಧವಾಗಿದ್ದ ಮರಳಿನ ಅಚ್ಚುಗಳಲ್ಲಿ ಕೆಲವು ಕೆಟ್ಟಿದ್ದವು. ಪಾಳಿ ಮುಗಿಯುವ ಹೊತ್ತಾಗಿತ್ತು. ಇಪ್ಪತ್ತು ನಿಮಿಷದ ಕಡಿತಕ್ಕೆ ಹೋದದ್ದು ಅರ್ಧ ದಿನ. ಮಾಲೀಕರು ಬೆವರು ಒರೆಸಿಕೊಳ್ಳುತ್ತಾ, “ಕರೆಂಟ್ ಹೋಗ್ತದ ಅಂತ ಅಂಜಿಕಿ ಇಲ್ರಿ ಸರ್, ಯಾವಾಗ ಹೋಗ್ತದ ಅಂತ ಗೊತ್ತಾಗೂದಿಲ್ಲಲ್ರಿ, ಅದ್ರದ ಅಂಜಿಕಿ” ಎಂದರು. ನಾನು ಇಷ್ಟು ವರ್ಷ ಓದಿದ ಯಾವ ವರದಿಯೂ ವಿಷಯವನ್ನು ಇಷ್ಟು ಸರಿಯಾಗಿ ಹೇಳಿಲ್ಲ.

ಅದೇ ದಿನ ಅವರು ಹೇಳಿದ ಇನ್ನೊಂದು ಮಾತು ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಹಿಂದೊಮ್ಮೆ ಅವರಿಗೆ ದೊಡ್ಡ ಪಂಪುಗಳ ಕವಚ ಎರಕ ಹೊಯ್ಯುವ ಆರ್ಡರ್ ಬಂದಿತ್ತು. ಅದಕ್ಕೆ ಈಗಿನದಕ್ಕಿಂತ ದೊಡ್ಡ ಕುಲುಮೆ ಬೇಕು. ದೊಡ್ಡ ಕುಲುಮೆಯಲ್ಲಿ ಲೋಹ ತುಂಬಿರುವಾಗ ಕರೆಂಟ್ ಹೋದರೆ ನಷ್ಟವೂ ದೊಡ್ಡದು. ಹೀಗಾಗಿ ಅವರು ಆರ್ಡರ್ ಒಪ್ಪಿಕೊಳ್ಳಲಿಲ್ಲ, ಕುಲುಮೆ ಕೊಳ್ಳಲಿಲ್ಲ, ಹನ್ನೆರಡು ಜನರನ್ನು ಹೊಸದಾಗಿ ತೆಗೆದುಕೊಳ್ಳಲಿಲ್ಲ. ಈ ನಷ್ಟ ಯಾವ ದಾಖಲೆಯಲ್ಲಿಯೂ ಬರುವುದಿಲ್ಲ. ಆ ದಿನ ಕರೆಂಟ್ ಹೋಗಿರಲೇ ಇಲ್ಲ ಎಂದಿಟ್ಟುಕೊಂಡರೂ ಈ ನಷ್ಟ ಆಗಿಯೇ ಇರುತ್ತಿತ್ತು, ಏಕೆಂದರೆ ಅದು ಕರೆಂಟ್ ಹೋದುದರಿಂದ ಆದದ್ದಲ್ಲ, ಹೋಗಬಹುದು ಎಂಬ ನಿರೀಕ್ಷೆಯಿಂದ ಆದದ್ದು. ಕೊರತೆ ಒಂದು ದೇಶವನ್ನು ಹಿಡಿದಿಡುವುದು ಮುಖ್ಯವಾಗಿ ಈ ದಾರಿಯಿಂದ, ಅಂದರೆ ಕಟ್ಟದೇ ಉಳಿದ ಕಾರ್ಖಾನೆಗಳ, ಕೊಳ್ಳದೇ ಬಿಟ್ಟ ಯಂತ್ರಗಳ, ಕಲಿಯದೇ ಹೋದ ಕೆಲಸಗಳ ಮೂಲಕ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಜನರೇಟರ್ ಇಟ್ಟುಕೊಂಡರಾಯಿತಲ್ಲ ಎಂದು ನೀವು ಕೇಳಬಹುದು. ಇಟ್ಟುಕೊಂಡವರಿದ್ದಾರೆ. ಒಂದು ಲೀಟರ್ ಡೀಸೆಲ್ಲಿಗೆ ಸಾಮಾನ್ಯವಾಗಿ ಮೂರರಿಂದ ಮೂರೂವರೆ ಯೂನಿಟ್ ವಿದ್ಯುತ್ ಬರುತ್ತದೆ. ಡೀಸೆಲ್ ಬೆಲೆಯನ್ನು ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ ಬರೀ ಎಣ್ಣೆಯ ಖರ್ಚೇ ಯೂನಿಟ್ಟಿಗೆ ಸುಮಾರು 26ರಿಂದ 30 ರೂಪಾಯಿ ಆಯಿತು. ಗ್ರಿಡ್ಡಿನಿಂದ ಬರುವ ಕೈಗಾರಿಕಾ ವಿದ್ಯುತ್ತಿನ ಮೂರು ಪಟ್ಟಿಗೂ ಹೆಚ್ಚು. ಇದರ ಜೊತೆಗೆ ಯಂತ್ರದ ಬಂಡವಾಳ, ಅದರ ಮೇಲಿನ ಬಡ್ಡಿ, ದುರಸ್ತಿ. ಸಾವಿರ ಜನ ದುಡಿಯುವ ಕಾರ್ಖಾನೆಗೆ ಒಂದು ದೊಡ್ಡ ಜನರೇಟರಿನ ಖರ್ಚು ಹಂಚಿಹೋಗುತ್ತದೆ. ಎಂಟು ಜನರ ವರ್ಕ್‌ಶಾಪಿಗೆ ಹಂಚಿಹೋಗುವುದಿಲ್ಲ. ಆದ್ದರಿಂದ ಕೊರತೆ ಎಲ್ಲರನ್ನೂ ಸಮನಾಗಿ ಹೊಡೆಯುವುದಿಲ್ಲ. ದೊಡ್ಡವರು ತಮ್ಮ ವಿದ್ಯುತ್ತನ್ನು ತಾವೇ ಮಾಡಿಕೊಂಡು ಬದುಕುತ್ತಾರೆ. ನಾಳೆ ದೊಡ್ಡವರಾಗಬಹುದಾಗಿದ್ದ ಸಣ್ಣವರು ಸಣ್ಣವರಾಗಿಯೇ ಉಳಿಯುತ್ತಾರೆ. ನಮ್ಮಲ್ಲಿ ಕೈಬೆರಳೆಣಿಕೆಯ ಬೃಹತ್ ಕಾರ್ಖಾನೆಗಳೂ ಲೆಕ್ಕವಿಲ್ಲದಷ್ಟು ಅತಿಸಣ್ಣ ಘಟಕಗಳೂ ಇದ್ದು, ನಡುವಿನ ಗಾತ್ರದವು ಕಡಿಮೆ ಇರುವುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಇದೂ ಒಂದು.

ಈಗ ನಿಮ್ಮ ಎರಡನೆಯ ಪ್ರಶ್ನೆ: ಬಡತನದಿಂದ ಕೊರತೆಯೋ, ಕೊರತೆಯಿಂದ ಬಡತನವೋ? ಎಂ.ಎ. ವಿದ್ಯಾರ್ಥಿ ಕೇಳಲೇಬೇಕಾದ ಪ್ರಶ್ನೆ ಇದು, ಏಕೆಂದರೆ ಎರಡೂ ಒಟ್ಟೊಟ್ಟಿಗೆ ಇರುವ ಕಡೆ ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸುವುದು ಕಷ್ಟ. ವೇಗವಾಗಿ ಬೆಳೆಯುತ್ತಿರುವ ರಾಜ್ಯದಲ್ಲಿ ಬೇಡಿಕೆ ಏರಿ ಕೊರತೆ ಉಂಟಾಗಬಹುದು. ಅಲ್ಲಿ ಕೊರತೆಯೂ ಹೆಚ್ಚು, ಬೆಳವಣಿಗೆಯೂ ಹೆಚ್ಚು ಎಂಬ ವಿಚಿತ್ರ ಚಿತ್ರ ಸಿಗುತ್ತದೆ. ಹಾಗಾಗಿ ಆರ್ಥಿಕತೆಗೆ ಸಂಬಂಧವೇ ಇಲ್ಲದ ಯಾವುದೋ ಕಾರಣದಿಂದ ವಿದ್ಯುತ್ ಹೆಚ್ಚು ಕಡಿಮೆಯಾದ ವರ್ಷಗಳನ್ನು ಹುಡುಕಬೇಕು. ಅಂಥ ಕಾರಣ ಕನ್ನಡಿಗರಿಗೆ ಚೆನ್ನಾಗಿ ಗೊತ್ತಿರುವಂಥದ್ದೇ: ಮಳೆ.

1985ರಲ್ಲಿ ರಾಯಚೂರು ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾಗುವವರೆಗೆ ಕರ್ನಾಟಕದ ವಿದ್ಯುತ್ತೆಂದರೆ ಹೆಚ್ಚುಕಡಿಮೆ ಪೂರ್ತಿಯಾಗಿ ಜಲವಿದ್ಯುತ್ತೇ. ಶರಾವತಿ ಕಣಿವೆಯಲ್ಲಿ ಮಳೆ ಕೈಕೊಟ್ಟರೆ ಪೀಣ್ಯದಲ್ಲಿ ಲೇತ್ ಯಂತ್ರ ನಿಲ್ಲುತ್ತಿತ್ತು. ಲಿಂಗನಮಕ್ಕಿಯ ನೀರು 1,819 ಅಡಿಯ ಗರಿಷ್ಠ ಮಟ್ಟಕ್ಕೆ ಇನ್ನೆಷ್ಟು ಅಡಿ ಬಾಕಿ ಎಂದು ಮಲೆನಾಡಿನ ರೈತರಷ್ಟೇ ಕಾತರದಿಂದ ಬೆಂಗಳೂರಿನ ಉದ್ಯಮಿಗಳೂ ಪತ್ರಿಕೆಯಲ್ಲಿ ನೋಡುತ್ತಿದ್ದರು. ಮಳೆಯ ಈ ಏರುಪೇರನ್ನೇ ಹಿಡಿದು ಹಂಟ್ ಆಲ್ಕಾಟ್, ಅಲನ್ ಕಾಲರ್ಡ್-ವೆಕ್ಸ್ಲರ್, ಸ್ಟೀಫನ್ ಓಕಾನೆಲ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಭಾರತದ ಕಾರ್ಖಾನೆಗಳನ್ನು ಅಧ್ಯಯನ ಮಾಡಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಜಲಾಶಯಕ್ಕೆ ನೀರು ಕಡಿಮೆ ಬಂದ ವರ್ಷ ಜಲವಿದ್ಯುತ್ ಕಡಿಮೆ. ಹಾಗೆ ಉಂಟಾದ ಕೊರತೆಯನ್ನು ಮಾತ್ರ ತೆಗೆದುಕೊಂಡು ಕಾರ್ಖಾನೆಗಳಿಗೆ ಏನಾಯಿತು ಎಂದು ಅವರು ನೋಡಿದರು. ದೇಶದಲ್ಲಿದ್ದ ಸರಾಸರಿ ಮಟ್ಟದ ಕೊರತೆಯಿಂದ ಕಾರ್ಖಾನೆಗಳ ಆದಾಯ ಶೇ 5ರಿಂದ 10ರಷ್ಟು ಕುಗ್ಗುತ್ತದೆ ಎಂಬುದು ಅವರ ಅಂದಾಜು. ಆದರೆ ಉತ್ಪಾದಕತೆಯ ಇಳಿಕೆ ಅದಕ್ಕಿಂತ ಬಹಳ ಕಡಿಮೆ, ಏಕೆಂದರೆ ಹೆಚ್ಚಿನ ಕಚ್ಚಾ ಸಾಮಗ್ರಿಗಳನ್ನು ಕರೆಂಟ್ ಬರುವವರೆಗೆ ಇಟ್ಟುಕೊಳ್ಳಬಹುದು. ಜನರೇಟರ್ ಇಲ್ಲದ ಸಣ್ಣ ಘಟಕಗಳಿಗೆ ಹೆಚ್ಚು ಪೆಟ್ಟು ಎಂಬುದೂ ಅವರಿಗೆ ಕಂಡಿತು.

ಈ ಅಧ್ಯಯನ ಅಳೆದಿರುವುದು ಇದ್ದ ಕಾರ್ಖಾನೆಗಳಿಗೆ ಆ ವರ್ಷ ಆದ ನಷ್ಟವನ್ನು. ಮೂವತ್ತು ವರ್ಷ ಸತತ ಕೊರತೆಯ ನಡುವೆ ಬಾಳಿದ ಊರಿನಲ್ಲಿ ಹುಟ್ಟದೇ ಹೋದ ಕಾರ್ಖಾನೆಗೆ ಆದಾಯವೂ ಇಲ್ಲ, ನಷ್ಟವೂ ಇಲ್ಲ. ಅದು ಅಂಕಿಅಂಶದೊಳಗೆ ಬರುವುದೇ ಇಲ್ಲ. ಆದ್ದರಿಂದ ಶೇ 5ರಿಂದ 10 ಎಂಬುದನ್ನು ನಾನು ನಷ್ಟದ ಕನಿಷ್ಠ ಮಿತಿ ಎಂದೇ ಓದುತ್ತೇನೆ. 2018ರಲ್ಲಿ ವಿಶ್ವ ಬ್ಯಾಂಕಿನ ಅಂದಾಜೊಂದು ಇನ್ನೂ ಅಗಲವಾದ ಲೆಕ್ಕ ಹಾಕಿ, ಕಡಿತದ ಜೊತೆಗೆ ವಿದ್ಯುತ್ ಕ್ಷೇತ್ರದ ಅದಕ್ಷತೆ, ಸಹಾಯಧನದ ಸೋರಿಕೆ, ಮಾಲಿನ್ಯ ಎಲ್ಲವನ್ನೂ ಕೂಡಿಸಿ, ಇದರ ಹೊರೆ ಭಾರತದಲ್ಲಿ ಜಿಡಿಪಿಯ ಶೇ 4ರಷ್ಟು, ಪಾಕಿಸ್ತಾನದಲ್ಲಿ ಶೇ 6.5ರಷ್ಟು ಎಂದಿತು.

ಇದಕ್ಕೆ ಎದುರಾದ ಚಿತ್ರವೂ ನಮ್ಮ ರಾಜ್ಯದಲ್ಲೇ ಇದೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ರೂಪುಗೊಂಡು 1902ರಲ್ಲಿ ಚಾಲೂ ಆದ ಶಿವನಸಮುದ್ರದ ವಿದ್ಯುತ್ ಮೊದಲು ಹೋದದ್ದು ಬೆಂಗಳೂರಿನ ಬೀದಿಗೂ ಅಲ್ಲ, ಮೈಸೂರಿನ ಅರಮನೆಗೂ ಅಲ್ಲ. ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ದೀಪ ಬಂದದ್ದು ಮೂರು ವರ್ಷದ ಮೇಲೆ, 1905ರಲ್ಲಿ. ಮೊದಲು ದುಡಿಮೆಗೆ, ಆಮೇಲೆ ಬೆಳಕಿಗೆ ಎಂಬ ಈ ಕ್ರಮದ ಹಿಂದೆ ಸ್ಪಷ್ಟ ಲೆಕ್ಕವಿತ್ತು: ಹಗಲು ರಾತ್ರಿ ವಿದ್ಯುತ್ ಕೊಂಡು ತಪ್ಪದೆ ಹಣ ಕೊಡುವ ಗ್ರಾಹಕನಿದ್ದರೆ ಕೇಂದ್ರ ಕಟ್ಟಿದ ಬಂಡವಾಳ ಮರಳಿ ಬರುತ್ತದೆ, ಆ ಹಣದಿಂದ ಮುಂದಿನ ಕೇಂದ್ರ ಕಟ್ಟಬಹುದು. 1948ರಲ್ಲಿ ಜೋಗದ ಕೇಂದ್ರ, 1960ರ ದಶಕದಲ್ಲಿ ಶರಾವತಿ ಕೇಂದ್ರ ಬಂದ ಕಾಲದಲ್ಲಿ ಅಗ್ಗದ, ನಂಬಬಹುದಾದ ವಿದ್ಯುತ್ ಬೆಂಗಳೂರಿನ ಸುತ್ತ ಕೈಗಾರಿಕೆ ಬೆಳೆಯಲು ದೊಡ್ಡ ಆಧಾರವಾಯಿತು. ಆಮೇಲಿನ ಎರಡು ದಶಕಗಳಲ್ಲಿ ಬೇಡಿಕೆ ಓಡಿತು, ಉತ್ಪಾದನೆ ಕುಂಟಿತು.

ಏಕೆ ಕುಂಟಿತು ಎಂಬುದರಲ್ಲಿಯೇ ವಿಷಯದ ತಿರುಳಿದೆ. ವಿದ್ಯುತ್ ಅಭಾವವೆಂದರೆ ನಮ್ಮ ಕಣ್ಣಿಗೆ ಬರುವುದು ನೀರಿಲ್ಲದ ಅಣೆಕಟ್ಟು, ಕಲ್ಲಿದ್ದಲಿಲ್ಲದ ಅಂಗಳ. ನಿಜವಾದ ಅಭಾವ ಬಹುಪಾಲು ದೇಶಗಳಲ್ಲಿ ಶುರುವಾಗುವುದು ವಿತರಣಾ ಸಂಸ್ಥೆಯ ಲೆಕ್ಕದ ಪುಸ್ತಕದಲ್ಲಿ. ನಮ್ಮ ಎಸ್ಕಾಂಗಳು ಕೊಂಡು ತರುವ ವಿದ್ಯುತ್ತಿನಲ್ಲಿ ಒಂದು ಭಾಗ ತಂತಿಯಲ್ಲಿ ಸೋರುತ್ತದೆ, ಒಂದು ಭಾಗ ಕಳವಾಗುತ್ತದೆ, ಒಂದು ಭಾಗಕ್ಕೆ ಬಿಲ್ ಆದರೂ ಹಣ ಬರುವುದಿಲ್ಲ. ದೇಶದಾದ್ಯಂತ ಇವೆಲ್ಲ ಸೇರಿದ ನಷ್ಟ 2009-10ರ ಸುಮಾರಿಗೆ ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚಿತ್ತು, ಈಗ ಶೇ 15-16ಕ್ಕೆ ಇಳಿದಿದೆ. ಇದರ ಮೇಲೆ, ಸರ್ಕಾರಗಳು ಒಪ್ಪಿಕೊಂಡ ಸಹಾಯಧನ ಹೊತ್ತಿಗೆ ಸರಿಯಾಗಿ ಕೈಸೇರುವುದಿಲ್ಲ. ವಿತರಣಾ ಸಂಸ್ಥೆ ಉತ್ಪಾದಕರಿಗೆ ಬಾಕಿ ಉಳಿಸಿಕೊಳ್ಳುತ್ತದೆ, ಉತ್ಪಾದಕರು ಕಲ್ಲಿದ್ದಲು ಕಂಪನಿಗೆ ಬಾಕಿ ಉಳಿಸಿಕೊಳ್ಳುತ್ತಾರೆ, ಹೊಸ ಕೇಂದ್ರಕ್ಕೆ ಸಾಲ ಕೊಡಲು ಬ್ಯಾಂಕು ಹಿಂಜರಿಯುತ್ತದೆ. ಬೇಸಿಗೆಯ ಸಂಜೆ ಬೇಡಿಕೆ ಏರಿದಾಗ ಮಾರುಕಟ್ಟೆಯಲ್ಲಿ ವಿದ್ಯುತ್ ಇದ್ದರೂ ದುಬಾರಿ ದರಕ್ಕೆ ಕೊಳ್ಳುವುದಕ್ಕಿಂತ ಲೋಡ್ ಶೆಡ್ಡಿಂಗ್ ಮಾಡುವುದೇ ಸಂಸ್ಥೆಗೆ ಅಗ್ಗವಾಗುತ್ತದೆ. ಪ್ರತಿ ಯೂನಿಟ್ ಮಾರಿದಾಗಲೂ ನಷ್ಟ ಅನುಭವಿಸುವ ಅಂಗಡಿ, ಆದಷ್ಟು ಕಡಿಮೆ ಮಾರಲು ನೋಡುವುದು ಸಹಜ ತಾನೇ? ಕೇಂದ್ರ ಸರ್ಕಾರ 2015ರಲ್ಲಿ ಉದಯ್ ಯೋಜನೆಯಡಿ ಸಾಲದ ದೊಡ್ಡ ಪಾಲನ್ನು ರಾಜ್ಯಗಳ ಹೆಗಲಿಗೆ ವರ್ಗಾಯಿಸಿತು. ಅದಾದ ಮೇಲೂ ದೇಶದ ವಿತರಣಾ ಸಂಸ್ಥೆಗಳ ಒಟ್ಟು ಸಂಚಿತ ನಷ್ಟ 6 ಲಕ್ಷ ಕೋಟಿ ರೂಪಾಯಿ ದಾಟಿತು.

ರೈತರ ಪಂಪ್‌ಸೆಟ್ಟಿನ ಮಾತು ಇಲ್ಲಿ ಬರಲೇಬೇಕು, ಆದರೆ ರೈತರನ್ನು ದೂರುವ ಧಾಟಿಯಲ್ಲಿ ಬರಬಾರದು. ಕರ್ನಾಟಕದಲ್ಲಿ 2008ರಿಂದ 10 ಅಶ್ವಶಕ್ತಿವರೆಗಿನ ಐಪಿ ಸೆಟ್ಟುಗಳಿಗೆ (ನೀರಾವರಿ ಪಂಪ್‌ಸೆಟ್ಟುಗಳಿಗೆ) ವಿದ್ಯುತ್ ಉಚಿತ. ರಾಜ್ಯದ ವಿದ್ಯುತ್ತಿನಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಅಲ್ಲಿಗೆ ಹೋಗುತ್ತದೆ ಎಂಬ ಲೆಕ್ಕವಿದೆ. ಬಹುತೇಕ ಸೆಟ್ಟುಗಳಿಗೆ ಮೀಟರ್ ಇಲ್ಲದ್ದರಿಂದ ಇದು ಅಂದಾಜು ಮಾತ್ರ. ಉಚಿತವೆಂದ ಮಾತ್ರಕ್ಕೆ ರೈತನಿಗೆ ಸಿಗುತ್ತಿರುವುದೇನು? ದಿನಕ್ಕೆ ಏಳು ಗಂಟೆ ತ್ರೀ ಫೇಸ್ (ಮೋಟಾರುಗಳಿಗೆ ಬೇಕಾದ ಪೂರೈಕೆ), ಅದೂ ಎಷ್ಟೋ ಕಡೆ ಮಧ್ಯರಾತ್ರಿಯ ಪಾಳಿಯಲ್ಲಿ. ಬ್ಯಾಟರಿ ಹಿಡಿದು ಹಾವು ಹುಳುಗಳ ನಡುವೆ ಹೊಲಕ್ಕೆ ಹೋಗಬೇಕು, ಇಲ್ಲವೇ ಆಟೋ ಸ್ಟಾರ್ಟರ್ ಹಾಕಿ ಮಲಗಬೇಕು. ಆಟೋ ಸ್ಟಾರ್ಟರ್ ಹಾಕಿದ ಎಲ್ಲ ಮೋಟಾರುಗಳೂ ಕರೆಂಟ್ ಬಂದ ಒಂದೇ ಕ್ಷಣಕ್ಕೆ ತಿರುಗಲು ಹೊರಡುತ್ತವೆ. ವೋಲ್ಟೇಜ್ ಕುಸಿಯುತ್ತದೆ, ಮೋಟಾರಿನ ಕಾಯಿಲ್ ಸುಡುತ್ತದೆ, ಕೊನೆಗೆ ಟಿಸಿಯೇ (ಟ್ರಾನ್ಸ್‌ಫಾರ್ಮರ್) ಸುಡುತ್ತದೆ. ಟಿಸಿ ಬದಲಾಗುವವರೆಗೆ ಬೆಳೆ ಒಣಗುತ್ತದೆ. ರೀವೈಂಡಿಂಗ್ ಅಂಗಡಿಗೆ ವರ್ಷಕ್ಕೆ ಎರಡು ಸಲ ಹೋಗಿ ಬರುವ ರೈತ ತನ್ನ “ಉಚಿತ” ವಿದ್ಯುತ್ತಿಗೆ ಬೇರೊಂದು ಕೈಯಿಂದ ಬೆಲೆ ತೆತ್ತಿರುತ್ತಾನೆ. ಕೆಟ್ಟ ವಿದ್ಯುತ್ತಿಗೆ ಹಣ ಏಕೆ ಕೊಡಬೇಕು ಎಂದು ಅವನು ಕೇಳುತ್ತಾನೆ. ಹಣ ಬಾರದೆ ಒಳ್ಳೆಯ ವಿದ್ಯುತ್ ಹೇಗೆ ಕೊಡಲಿ ಎಂದು ಸಂಸ್ಥೆ ಕೇಳುತ್ತದೆ. ಇಬ್ಬರ ಮಾತೂ ಸರಿ. ಈ ನಡುವೆ ಅಡ್ಡ ಸಹಾಯಧನದ, ಅಂದರೆ ಒಬ್ಬರ ರಿಯಾಯಿತಿಯನ್ನು ಇನ್ನೊಬ್ಬರ ದರದಿಂದ ತುಂಬಿಕೊಳ್ಳುವ ಪದ್ಧತಿಯ, ಭಾರ ಬೀಳುವುದು ಕೈಗಾರಿಕೆಯ ದರದ ಮೇಲೆ, ಅಂದರೆ ಬೆಳಗಾವಿಯ ಆ ಫೌಂಡ್ರಿಯ ಮೇಲೆ.

ಬಡತನವೋ ಕೊರತೆಯೋ ಎಂಬ ನಿಮ್ಮ ಪ್ರಶ್ನೆಗೆ ನಾನು ಕೊಡುವ ಉತ್ತರ ಇದೇ. ಎರಡೂ ಒಂದನ್ನೊಂದು ಹಿಡಿದುಕೊಂಡಿವೆ, ಆದರೆ ಹಿಡಿದುಕೊಂಡಿರುವ ಗಂಟು ಯಾವುದು ಎಂದು ತೋರಿಸಬಹುದು. ಬಡ ದೇಶವೆಂಬ ಕಾರಣಕ್ಕೇ ಕೊರತೆ ಬರುವುದಿಲ್ಲ. ವಿದ್ಯುತ್ತಿನ ಬೆಲೆಯನ್ನು ಯಾರಾದರೂ, ಗ್ರಾಹಕನೋ ಸರ್ಕಾರವೋ, ಹೊತ್ತಿಗೆ ಸರಿಯಾಗಿ ತುಂಬದೇ ಇದ್ದಾಗ ಬರುತ್ತದೆ.

ನಂಬಿಕೆಯಿದ್ದರೆ ಬಡವರೂ ಹಣ ಕೊಡುತ್ತಾರೆ ಎಂಬುದಕ್ಕೆ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿಯ ಉದಾಹರಣೆ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿಯವರು ಮತ್ತು ಅವರ ‘ಅಸ್ತ್ರ’ ತಂಡ 1970ರ ದಶಕದಲ್ಲಿ ಆ ಭಾಗದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಯಾವ ಕೆಲಸಕ್ಕೆ ಎಷ್ಟು ಶಕ್ತಿ, ಯಾರ ಶ್ರಮ ಎಂದು ಲೆಕ್ಕ ಹಾಕಿತು. ಹಳ್ಳಿಯ ಇಂಧನವೆಂದರೆ ಮುಖ್ಯವಾಗಿ ಸೌದೆ, ಅದನ್ನು ಹೊತ್ತು ತರುವುದು ಹೆಂಗಸರು ಮಕ್ಕಳು ಎಂಬುದು ಕಾಗದದ ಮೇಲೆ ಬಂತು. ನೀವು ಓದುವ ಪಠ್ಯದಲ್ಲಿ ಇಂಧನ ಎಂದರೆ ಮೆಗಾವಾಟುಗಳಷ್ಟೇ ಇದ್ದರೆ, ಈ ಅರ್ಧ ಅಲ್ಲಿ ಕಾಣೆಯಾಗಿದೆ ಎಂದೇ ತಿಳಿಯಿರಿ. ಸೌದೆಗೆ ಹೋದ ಹುಡುಗಿಯ ಶಾಲೆಯ ದಿನಗಳೂ ಹೊಗೆ ಕುಡಿದ ತಾಯಿಯ ಎದೆಯ ಕಾಯಿಲೆಯೂ ಇಂಧನ ಕೊರತೆಯ ಲೆಕ್ಕಕ್ಕೇ ಸೇರಬೇಕು. ಆಮೇಲೆ ಪುರದಲ್ಲಿ ಊರಿನ ಸಗಣಿಯಿಂದ ನಡೆಯುವ ಸಮುದಾಯ ಗೋಬರ್ ಗ್ಯಾಸ್ ಸ್ಥಾವರ ಬಂತು. 1987ರಿಂದ ಅದರ ಅನಿಲದಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪ ಮತ್ತು ನಲ್ಲಿ ನೀರು ಕೊಟ್ಟರು. ಸಗಣಿ ತಂದುಕೊಟ್ಟವರಿಗೆ ಹಣ, ಗೊಬ್ಬರ ಮರಳಿ ಹೊಲಕ್ಕೆ, ಬೆಳಕಿಗೂ ನೀರಿಗೂ ಮನೆಯವರಿಂದ ಶುಲ್ಕ. ಊರಿನ ಹುಡುಗರೇ ಅದನ್ನು ನಡೆಸಿದರು. ದೀಪ ಹೇಳಿದ ಹೊತ್ತಿಗೆ ಹತ್ತುತ್ತಿತ್ತು, ಜನ ಹಣ ಕಟ್ಟುತ್ತಿದ್ದರು.

ಬೇರೆ ದೇಶಗಳಲ್ಲಿಯೂ ಗಂಟು ಇದೇ, ಬಿಗಿಯುವ ದಾರ ಮಾತ್ರ ಬೇರೆ. ದಕ್ಷಿಣ ಆಫ್ರಿಕಾದಲ್ಲಿ, 2007ರ ಹೊತ್ತಿಗೆ ವಿದ್ಯುತ್ ಸಾಲದೆ ಬರುತ್ತದೆ ಎಂದು 1998ರ ಸರ್ಕಾರಿ ಶ್ವೇತಪತ್ರವೇ ಎಚ್ಚರಿಸಿತ್ತು. ಹೊಸ ಕೇಂದ್ರ ಕಟ್ಟುವ ತೀರ್ಮಾನ ತಡವಾಯಿತು, 2008ರ ಜನವರಿಯಲ್ಲಿ ಚಿನ್ನ ಮತ್ತು ಪ್ಲಾಟಿನಂ ಗಣಿಗಳು ದಿನಗಟ್ಟಲೆ ಮುಚ್ಚಿದವು, 2023ರಲ್ಲಿ ವರ್ಷದ 300ಕ್ಕೂ ಹೆಚ್ಚು ದಿನ ಲೋಡ್ ಶೆಡ್ಡಿಂಗ್ ಆಯಿತು. ಶ್ರೀಲಂಕಾದಲ್ಲಿ 2022ರ ಮಾರ್ಚ್ ಕೊನೆಗೆ ದಿನಕ್ಕೆ 13 ಗಂಟೆ ಕರೆಂಟ್ ಇಲ್ಲದಾಯಿತು. ಅಲ್ಲಿ ಕೇಂದ್ರಗಳಿದ್ದವು, ಎಣ್ಣೆ ಕೊಳ್ಳಲು ಡಾಲರ್ ಇರಲಿಲ್ಲ. ಡಾಲರ್ ತರುವ ಸಿದ್ಧ ಉಡುಪಿನ ಕಾರ್ಖಾನೆ ನಡೆಯಲು ಕರೆಂಟ್ ಬೇಕು, ಕರೆಂಟಿಗೆ ಡಾಲರ್ ಬೇಕು.

ಪಾಕಿಸ್ತಾನದ ಕಥೆಯನ್ನು ನೀವು ಬಿಡಿಯಾಗಿ ಓದಬೇಕು, ಏಕೆಂದರೆ ಮೆಗಾವಾಟ್ ಸೇರಿಸಿದರೆ ಸಾಕು ಎನ್ನುವವರಿಗೆ ಅದರಲ್ಲಿ ಪಾಠವಿದೆ. ಅಲ್ಲಿ ಒಬ್ಬರು ಇನ್ನೊಬ್ಬರಿಗೆ ಉಳಿಸಿಕೊಂಡ ಬಾಕಿಯ ಸರಪಳಿಗೆ ‘ಸುತ್ತು ಸಾಲ’ ಎಂದೇ ಹೆಸರು. 2013ರಲ್ಲಿ ಹೊಸ ಸರ್ಕಾರ ಸುಮಾರು 48,000 ಕೋಟಿ ಪಾಕಿಸ್ತಾನಿ ರೂಪಾಯಿ ಬಾಕಿಯನ್ನು ಒಂದೇ ಸಲಕ್ಕೆ ತೀರಿಸಿತು, ಚೀನಾದ ಬಂಡವಾಳದಿಂದ ಹೊಸ ಕೇಂದ್ರಗಳು ಎದ್ದವು. ಲೆಕ್ಕದ ಪುಸ್ತಕ ಮಾತ್ರ ಹಾಗೆಯೇ ಉಳಿಯಿತು. ಕೆಲವೇ ವರ್ಷದಲ್ಲಿ ಸುತ್ತು ಸಾಲ 2 ಲಕ್ಷ ಕೋಟಿ ದಾಟಿತು. ಓಡದೇ ನಿಂತ ಕೇಂದ್ರಗಳಿಗೂ ಒಪ್ಪಂದದ ಪ್ರಕಾರ ಹಣ ಕೊಡಬೇಕಾಗಿ ಬಂದು ದರ ಏರಿತು. ದರ ಏರಿದ್ದರಿಂದ ಜನ ತಾರಸಿಗೆ ಸೌರಫಲಕ ಹಾಕಿಕೊಂಡು ಗ್ರಿಡ್ಡಿನಿಂದ ದೂರ ಸರಿದರು. ವಿದ್ಯುತ್ ಇದ್ದೂ ಕೊಳ್ಳಲಾಗದ ಸ್ಥಿತಿಯೂ ಅಭಾವವೇ.

ಭಾರತಕ್ಕೆ ಮರಳಿ ಬರೋಣ, ಏಕೆಂದರೆ ನಮ್ಮಲ್ಲಿ ಸುಧಾರಿಸಿದ್ದೂ ನಿಜ. 2009-10ರಲ್ಲಿ ಬೇಡಿಕೆಗಿಂತ ಪೂರೈಕೆ ಶೇ 10ರಷ್ಟು ಕಡಿಮೆಯಿತ್ತು. ಇತ್ತೀಚೆಗೆ ಆ ಅಂತರ ಶೇ 1ಕ್ಕೂ ಕೆಳಗಿದೆ. 2024ರ ಮೇ 30ರಂದು ದೇಶ 250 ಗಿಗಾವಾಟಿನ ದಾಖಲೆ ಬೇಡಿಕೆಯನ್ನು ಪೂರೈಸಿತು. ಉತ್ಪಾದನೆ ಹೆಚ್ಚಿದ್ದರ ಜೊತೆಗೆ ಇದಕ್ಕೆ ತಂತಿಯೂ ಕಾರಣ. 2012ರ ಜುಲೈ 30 ಮತ್ತು 31ರಂದು ಉತ್ತರ ಹಾಗೂ ಪೂರ್ವ ಭಾರತದ ಗ್ರಿಡ್ ಕುಸಿದು ಎರಡನೆಯ ದಿನ ಸುಮಾರು 60 ಕೋಟಿ ಜನರಿಗೆ ವಿದ್ಯುತ್ ಇಲ್ಲವಾದಾಗ ದಕ್ಷಿಣ ರಾಜ್ಯಗಳು ಪಾರಾದವು. ನಮ್ಮ ಗ್ರಿಡ್ ಆಗ ಬೇರೆಯಾಗಿತ್ತು. ಆದರೆ ಅದೇ ಕಾರಣಕ್ಕೆ ಪಶ್ಚಿಮದಲ್ಲಿ ಮಿಕ್ಕ ವಿದ್ಯುತ್ತನ್ನು ಕರ್ನಾಟಕ ಬೇಕೆಂದಷ್ಟು ತರಿಸಿಕೊಳ್ಳಲೂ ಆಗುತ್ತಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ದೇಶದ ಗ್ರಿಡ್ಡಿನೊಡನೆ ಕೂಡಿತು. ಬರಗಾಲದ ವರ್ಷ ಒಂದು ರಾಜ್ಯಕ್ಕೆ ಇದರಿಂದಾಗುವ ಪ್ರಯೋಜನ ದೊಡ್ಡದು. 2023ರಲ್ಲಿ ಆಗಸ್ಟ್ ತಿಂಗಳು ಶತಮಾನದಲ್ಲೇ ಅತಿ ಒಣದಾಗಿ, ಜಲಾಶಯ ತುಂಬದೆ, ಪಂಪುಗಳು ಮಾತ್ರ ಹೆಚ್ಚು ಓಡಿದಾಗ ರಾಜ್ಯ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಂ ಬಳಸಿ ಇಲ್ಲಿನ ಉತ್ಪಾದಕರು ರಾಜ್ಯಕ್ಕೇ ವಿದ್ಯುತ್ ಕೊಡಬೇಕೆಂದು ಆದೇಶಿಸಿತು, ಉತ್ತರ ಪ್ರದೇಶ ಮತ್ತು ಪಂಜಾಬ್‌ನಿಂದ ಮುಂದೆ ಮರಳಿಸುವ ಕರಾರಿನ ಮೇಲೆ ವಿದ್ಯುತ್ ತರಿಸಿತು. ಆಗಲೂ ರೈತರ ಏಳು ಗಂಟೆ ಕೆಲವು ವಾರ ಐದಾಯಿತು.

ಆದರೆ ಶೇ 1ಕ್ಕಿಂತ ಕಡಿಮೆ ಎಂಬ ಅಂಕಿಯನ್ನು ನೋಡಿ ಅಭಾವ ಮುಗಿಯಿತು ಎನ್ನಬಾರದು. ಕೊರತೆ ಎಂದು ದಾಖಲಾಗುವುದು ಬೇಡಿಕೆ ಇದ್ದು ಪೂರೈಸಲಾಗದ ವಿದ್ಯುತ್ ಮಾತ್ರ. ಫೌಂಡ್ರಿಯವರು ಕೊಳ್ಳದೇ ಬಿಟ್ಟ ಕುಲುಮೆಯ ಬೇಡಿಕೆ ಅದರಲ್ಲಿಲ್ಲ. ಹಳ್ಳಿಯ ಫೀಡರಿಗೆ (ಉಪಕೇಂದ್ರದಿಂದ ಬರುವ ವಿದ್ಯುತ್ ಮಾರ್ಗಕ್ಕೆ) ಏಳೇ ಗಂಟೆ ತ್ರೀ ಫೇಸ್ ಎಂದು ಮೊದಲೇ ಗೊತ್ತು ಮಾಡಿದ ಮೇಲೆ ಉಳಿದ ಹದಿನೇಳು ಗಂಟೆ ಕೊರತೆಯೆಂದು ಎಲ್ಲೂ ನಮೂದಾಗುವುದಿಲ್ಲ. ಭಾರತದಲ್ಲಿ ವರ್ಷಕ್ಕೆ ತಲಾ ವಿದ್ಯುತ್ ಬಳಕೆ ಸುಮಾರು 1,400 ಯೂನಿಟ್, ಜಗತ್ತಿನ ಸರಾಸರಿಯ ಅರ್ಧಕ್ಕೂ ಕಡಿಮೆ. ಇದರ ಅರ್ಥ ನಮಗೆ ಸಾಕಾಯಿತು ಎಂದಲ್ಲ.

ಹೀಗೆ ನಿಮ್ಮ ಮೂರನೆಯ ಪ್ರಶ್ನೆಗೆ ಬಂದೆವು. ನಿಮ್ಮೂರಿನಲ್ಲಿ ಕರೆಂಟ್ ಹೋಗುವುದಿಲ್ಲ ಎಂದಿರಿ. ಯಾವ ಕರೆಂಟ್? ‘ನಿರಂತರ ಜ್ಯೋತಿ’ ಯೋಜನೆಯಲ್ಲಿ ಮನೆಗಳ ಫೀಡರನ್ನು ಪಂಪ್‌ಸೆಟ್ಟುಗಳ ಫೀಡರಿನಿಂದ ಬೇರ್ಪಡಿಸಿದ ಮೇಲೆ ಎಷ್ಟೋ ಹಳ್ಳಿಗಳಲ್ಲಿ ಮನೆಯ ದೀಪ, ಫ್ಯಾನು, ಟಿವಿ ದಿನವಿಡೀ ನಡೆಯುವಂತಾಯಿತು. ಅದು ದೊಡ್ಡ ಉಪಕಾರವೇ. ಆದರೆ ಎಣ್ಣೆ ಗಾಣ, ಹಿಟ್ಟಿನ ಗಿರಣಿ, ಶೇಂಗಾ ಸುಲಿಯುವ ಯಂತ್ರ, ಶೀತಲಗೃಹ ಇವಕ್ಕೆ ಬೇಕಾದದ್ದು ಸ್ಥಿರ ವೋಲ್ಟೇಜಿನ ತ್ರೀ ಫೇಸ್, ಅದೂ ಹಗಲಿನಲ್ಲಿ. ನಿಮ್ಮ ಊರು ಇದರಲ್ಲಿ ಯಾವ ವರ್ಗಕ್ಕೆ ಸೇರಿದೆ ಎಂದು ತಿಳಿಯದೆ ನಾನು ತೀರ್ಪು ಕೊಡಲಾರೆ. ವಿದ್ಯುತ್ ಇದ್ದರೂ ಸಾಲ, ರಸ್ತೆ, ಮಾರುಕಟ್ಟೆ, ಕೆಲಸ ಬಲ್ಲ ಜನ ಇಲ್ಲದಿದ್ದರೆ ಕಾರ್ಖಾನೆ ಬರುವುದಿಲ್ಲ ಎಂಬುದೂ ನಿಜ. ಅದರ ಮೇಲೆ, ಇಪ್ಪತ್ತು ವರ್ಷ ಮೋಟಾರ್ ಸುಟ್ಟುಕೊಂಡು ಗಿರಣಿ ಮುಚ್ಚಿದ ಮನೆತನ, ಪೂರೈಕೆ ಸುಧಾರಿಸಿದ ಮರುವರ್ಷವೇ ಮತ್ತೆ ಸಾಲ ಮಾಡಿ ಬಾಗಿಲು ತೆರೆಯುವುದಿಲ್ಲ. ಹೋದ ನಂಬಿಕೆ ಮರಳಲು ಹೊಸ ಟಿಸಿ ಕೂರಿಸುವುದಕ್ಕಿಂತ ಹೆಚ್ಚು ಕಾಲ ಬೇಕು.

ಚಿತ್ರದುರ್ಗದವರಾದ ನಿಮಗೆ ಒಂದು ಅನುಕೂಲವಿದೆ. ನೆರೆಯ ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಇದೆ, ನಿಮ್ಮ ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆ. ಹಗಲಿನ ಸೌರವಿದ್ಯುತ್ತನ್ನು ಪಂಪ್‌ಸೆಟ್ಟುಗಳ ಫೀಡರಿಗೇ ಜೋಡಿಸಿ ರೈತರ ರಾತ್ರಿ ಪಾಳಿ ತಪ್ಪಿಸುವ ಕೆಲಸ ಈಗ ಕುಸುಮ್ ಯೋಜನೆಯಡಿ ನಡೆದಿದೆ. ಸೂರ್ಯ ಮುಳುಗಿದ ಮೇಲಿನ ನಾಲ್ಕು ಗಂಟೆಯ ಬೇಡಿಕೆ ಹೇಗೆ ತುಂಬುವುದು ಎಂಬುದು ಇನ್ನೂ ಬಗೆಹರಿದಿಲ್ಲ. ನಿಮ್ಮ ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ, ನಿಮ್ಮೂರಿನಲ್ಲಿ ಮುಚ್ಚಿಹೋದ ಗಿರಣಿಗಳ ಪಟ್ಟಿ ಮಾಡಿ, ಅವನ್ನು ನಡೆಸಿದವರ ಬಳಿ ಕುಳಿತು, ಮುಚ್ಚಿದ ವರ್ಷ ಯಾವುದು, ಆ ವರ್ಷ ಮೋಟಾರ್ ಎಷ್ಟು ಸಲ ಸುಟ್ಟಿತು, ಡೀಸೆಲ್ ಎಂಜಿನ್ ಇಟ್ಟಿದ್ದರೇ, ಈಗ ಮತ್ತೆ ತೆರೆಯಬೇಕೆಂದರೆ ದಿನಕ್ಕೆ ಎಷ್ಟು ಗಂಟೆ ತ್ರೀ ಫೇಸ್ ಬೇಕು, ಅದು ಎಷ್ಟು ತಿಂಗಳು ತಪ್ಪದೆ ಬಂದರೆ ಅವರು ನಂಬುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ಸಿಕ್ಕ ಉತ್ತರಗಳನ್ನು ಕಳುಹಿಸಿದರೆ, ನಿಮ್ಮೊಂದಿಗೆ ಕುಳಿತು ಲೆಕ್ಕ ಹಾಕಲು ನಾನು ಸಿದ್ಧನಿದ್ದೇನೆ.